ಸ್ಪಷ್ಟನೆ: ಕಂಪ್ಯೂಟರ್ ಪಹಣಿ 2015ರಲ್ಲಿ ಬಂದದ್ದಲ್ಲ

ನಮ್ಮ ಶಹಾಪುರದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘2015ರಲ್ಲಿ ಡಿಜಿಟಲ್ ಇಂಡಿಯಾ ಬಂದಮೇಲೆ ಯಾದಗಿರಿ ಜಿಲ್ಲೆಗೆ ಕಂಪ್ಯೂಟರ್ ಪಹಣಿ ಬಂತು’ ಎಂಬ ಮೆಸೇಜ್ ಓಡಾಡುತ್ತಿದೆ. ಬರೆದವನು ನಾನೇ, ಅದು ತಪ್ಪು.

ಪಹಣಿಯನ್ನು, ಅಂದರೆ ಜಮೀನಿನ ಒಡೆತನ ಮತ್ತು ಬೆಳೆಯ ದಾಖಲೆಯನ್ನು, ಕಂಪ್ಯೂಟರಿಗೆ ಏರಿಸಿದ್ದು ರಾಜ್ಯದ ‘ಭೂಮಿ’ ಯೋಜನೆ, ತಂತ್ರಾಂಶ ಕೇಂದ್ರ ಸರ್ಕಾರದ ಮಾಹಿತಿ ತಂತ್ರಜ್ಞಾನ ಸಂಸ್ಥೆ ಎನ್‌ಐಸಿಯದು. 2000ದ ಆಸುಪಾಸಿನಲ್ಲೇ ತಾಲೂಕು ಕಚೇರಿಗಳಲ್ಲಿ ಕೌಂಟರ್ ತೆರೆದು 15 ರೂಪಾಯಿಗೆ ಪ್ರತಿ ಕೊಡತೊಡಗಿದರು. ರಾಜ್ಯದಾದ್ಯಂತ ಸುಮಾರು 2 ಕೋಟಿ ದಾಖಲೆ ಹೀಗೆ ಕಂಪ್ಯೂಟರ್ ಸೇರಿದವು. ಆಗ ಯಾದಗಿರಿ ಜಿಲ್ಲೆಯೇ ಇರಲಿಲ್ಲ! ಅದು ಗುಲಬರ್ಗಾ (ಈಗಿನ ಕಲಬುರಗಿ) ಜಿಲ್ಲೆಯಿಂದ ಬೇರೆಯಾಗಿ ಆದದ್ದು 2009ರ ಡಿಸೆಂಬರ್ 30ಕ್ಕೆ.

ಅಪ್ಪ ಟ್ರಂಕಿನಲ್ಲಿ ಇಟ್ಟಿದ್ದ 2003ರ ಕಂಪ್ಯೂಟರ್ ಪಹಣಿ ಕೈಗೆ ಸಿಕ್ಕಾಗಲೇ ನನಗೆ ಹೊಳೆದದ್ದು: ಮೇಲೆ ‘ಗುಲಬರ್ಗಾ ಜಿಲ್ಲೆ’ ಎಂದಿದೆ. ಹಳೆಯ ಮೆಸೇಜ್ ಅಳಿಸಿದ್ದೇನೆ. ನಿಮಗೆ ಬಂದಿದ್ದರೆ ದಯವಿಟ್ಟು ಮುಂದೆ ಕಳಿಸಬೇಡಿರಿ.