ಪೌಂಡ್‌ನಲ್ಲೂ ಎರಡು ಜಾತಿ

1796ರಲ್ಲಿ ಬಿಲ್ಲಿ ಬ್ಲೂ ಎಂಬ ಕಪ್ಪು ಹಮಾಲಿ ಇಂಗ್ಲೆಂಡಿನಲ್ಲಿ ಹಡಗಿನಿಂದ 80 ಪೌಂಡ್ ತೂಕದ ಸಕ್ಕರೆ ಕದ್ದು ಸಿಕ್ಕಿಬಿದ್ದ. ಏಳು ವರ್ಷ ಗಡೀಪಾರು. ಹಾಗೆ ಅವನು, ಬ್ರಿಟಿಷರು ಕೈದಿಗಳನ್ನು ಸಾಗಹಾಕುತ್ತಿದ್ದ ಆಸ್ಟ್ರೇಲಿಯಾದ ಸಿಡ್ನಿ ಸೇರಿದ್ದು.

ಕ್ಯಾಪ್ಟನ್ ಜಾನ್ ಪೈಪರ್ ಸಾಹೇಬರೂ ಸಿಡ್ನಿಗೆ ಬಂದರು, ಆದರೆ ಸಮವಸ್ತ್ರದಲ್ಲಿ. 1814ರಿಂದ ಅವರು ಅಲ್ಲಿನ ‘ನೇವಲ್ ಆಫೀಸರ್’. ಹೆಸರು ನೌಕಾಪಡೆಯದು, ಮನುಷ್ಯ ಭೂಸೇನೆಯವರು, ಕೆಲಸ ಸುಂಕ ವಸೂಲಿ. ಸುಂಕದ ಜೊತೆ ಬಂದರಿನ ಉಸ್ತುವಾರಿಯೂ ಅವರದೇ, ನೀರಿನ ಪೊಲೀಸರೂ ಅವರವರೇ, ಮ್ಯಾಜಿಸ್ಟ್ರೇಟೂ ಅವರೇ. ದೂರು ಕೊಡುವವನಿಗೆ ಎಷ್ಟು ಅನುಕೂಲ ನೋಡಿ, ಎಲ್ಲಾ ಒಂದೇ ಬಾಗಿಲಲ್ಲಿ ಮುಗಿಯುತ್ತದೆ!

ವಸೂಲಾದ ಹಣದಲ್ಲಿ ಸಾಹೇಬರಿಗೆ ಶೇಕಡಾವಾರು ಪಾಲು. ರಮ್ ಕುಡಿಯುವ ಊರು, ಪಾಲಿಗೇನು ಕಮ್ಮಿ? ಕೊಲ್ಲಿಯ ಅಂಚಿನಲ್ಲಿ ಹೆನ್ರಿಯೆಟಾ ವಿಲ್ಲಾ ಎದ್ದಿತು. ಖರ್ಚು 10,000 ಪೌಂಡ್ ಅಂತ ಆಗಿನ ಮಾತು. ಊಟದ ಹೊತ್ತಿಗೆ ನುಡಿಸಲು ಸ್ವಂತ ಬ್ಯಾಂಡ್ ಬೇರೆ.

ಅತ್ತ ಬ್ಲೂ ಕೂಡ ಉದ್ಧಾರವಾದ. 1811ರಲ್ಲಿ ಗವರ್ನರ್ ಮೆಕ್ವಾರಿ ಅವನನ್ನೇ ಬಂದರಿನ ಕಾವಲುಗಾರ ಮಾಡಿದರು. ಆಮೇಲೆ 80 ಎಕರೆ ಜಮೀನೂ ಕೊಟ್ಟರು, ಕದ್ದ ಪೌಂಡಿಗೆ ಒಂದೊಂದು ಎಕರೆ! 1818ರಲ್ಲಿ ಕಾವಲುಗಾರನೇ ಕಳ್ಳ ರಮ್ ಸಾಗಿಸುತ್ತಾ ಸಿಕ್ಕಿಬಿದ್ದ. ಕೆಲಸ ಹೋಯಿತು. ತಪ್ಪೇನಿಲ್ಲ, ಹೋಗಲೇಬೇಕು ಅಲ್ವಾ?

(ನೋಡಿ, ಆಗಿನಿಂದ ನಾನೂ ಒಬ್ಬರಿಗೆ ಬಹುವಚನ, ಇನ್ನೊಬ್ಬನಿಗೆ ಏಕವಚನ ಹಚ್ಚುತ್ತಿದ್ದೇನೆ. ಯಾರೂ ಹೇಳಿಕೊಟ್ಟಿದ್ದಲ್ಲ, ಸುಮ್ನೆ ಬಂದುಬಿಡುತ್ತದೆ.)

ಸಾಹೇಬರು ಹದಿಮೂರು ವರ್ಷ ಕುರ್ಚಿಯಲ್ಲಿದ್ದರು. 1827ರಲ್ಲಿ ಗವರ್ನರ್ ಡಾರ್ಲಿಂಗ್ ಲೆಕ್ಕ ತೆಗೆಸಿದರೆ 12,000 ಪೌಂಡ್ ಕಮ್ಮಿ. ಅಷ್ಟರಲ್ಲಿ ಸಾಹೇಬರು ಊರಿನ ಬ್ಯಾಂಕಿಗೂ ಅಧ್ಯಕ್ಷರಾಗಿದ್ದರು. ಕದ್ದರು ಅಂತ ಯಾರೂ ಅನ್ನಲಿಲ್ಲ. ಪಾಪ, ವಸೂಲಿ ಮಾಡುವುದನ್ನೇ ಮರೆತಿದ್ದಾರೆ ಅಂದರು. ಅಡಿಕೆ ಕದ್ದರೂ ಕಳ್ಳ, ಆನೆ ಕದ್ದರೂ ಕಳ್ಳ ಅನ್ನುವುದು ನಮ್ಮ ಕಡೆಯ ಗಾದೆ. ಅಲ್ಲಿ ಆನೆ ಕಾಣದಿದ್ದರೆ ಅದು ಲೆಕ್ಕದ ಗೊಂದಲ.

ಕೆಲಸ ಹೋದ ಮೇಲೆ ಸಾಹೇಬರು ದೋಣಿ ಹತ್ತಿದರು. ಕೊಲ್ಲಿಯ ಬಾಯಿ ದಾಟಿ ಸಮುದ್ರಕ್ಕೆ ಬಂದ ಮೇಲೆ ಬ್ಯಾಂಡಿನವರಿಗೆ ನುಡಿಸಲು ಹೇಳಿ, ನೀರಿಗೆ ಹಾರಿಬಿಟ್ಟರು. ಇಲ್ಲಿ ನನಗೂ ನಗು ಬರುವುದಿಲ್ಲ. ದೋಣಿಯವರು ಎಳೆದು ಮೇಲೆ ಹಾಕಿದರು. ಆಸ್ತಿ ಮಾರಾಟವಾಯಿತು. ಉಳಿದ ಆಯಸ್ಸು ಬಾತರ್ಸ್ಟ್ ಕಡೆ ಜಮೀನಿನಲ್ಲಿ ಕಳೆದು 1851ರಲ್ಲಿ ತೀರಿಕೊಂಡರು.

ಬ್ಲೂ ಮಾತ್ರ ಉದ್ದ ಟೋಪಿ ಹಾಕಿಕೊಂಡು, ದೋಣಿಯಲ್ಲಿ ಜನರನ್ನು ದಾಟಿಸುತ್ತಾ, ಎದುರು ಬಂದವರಿಂದ ಸಲಾಮು ಕೇಳುತ್ತಾ ಓಡಾಡಿಕೊಂಡಿದ್ದ.

ಈಗ ಆ ಕೊಲ್ಲಿಯಲ್ಲಿ ಇಬ್ಬರ ಹೆಸರೂ ಇದೆ. ಒಂದು ಬ್ಲೂಸ್ ಪಾಯಿಂಟ್, ಇನ್ನೊಂದು ಪಾಯಿಂಟ್ ಪೈಪರ್. ಆಸ್ಟ್ರೇಲಿಯಾದ ಅತಿ ದುಬಾರಿ ಮನೆಗಳು ಎಲ್ಲಿವೆ ಅಂತ ನಾನು ಬೇರೆ ಹೇಳಬೇಕಾ? ದೇಶದಲ್ಲಿ ಪೌಂಡ್ ಹೋಗಿ ಡಾಲರ್ ಬಂದಿದೆ. ಸಕ್ಕರೆಯನ್ನು ಕಿಲೋ ಲೆಕ್ಕದಲ್ಲಿ ತೂಗುತ್ತಾರೆ.