ಕೂಗಳತೆಯ ಹಸಿರು

ಉದ್ಯಾನವನವೆಂದೊಡನೆ ಕಾರಂಜಿ, ಕಲ್ಲುಹಾಸು, ‘ಹುಲ್ಲಿನ ಮೇಲೆ ನಡೆಯಬಾರದು’ ಎಂಬ ಫಲಕ ಕಣ್ಣಮುಂದೆ ಬರುತ್ತವೆ. ಒಂದೇ ಕೋಣೆಯಲ್ಲಿ ಸಂಸಾರವೆಲ್ಲ ಮಲಗುವ ಬಡವರ ಓಣಿಗೆ ಈ ವೈಭವದಿಂದ ಆಗಬೇಕಾದದ್ದೇನೂ ಇಲ್ಲ. ಊರಾಚೆಯ ತೋಟ ಎಷ್ಟೇ ಸೊಗಸಾಗಿರಲಿ, ದಿನವಿಡೀ ದುಡಿದು ಬಂದವರ ಪಾಲಿಗೆ ಅದು ರಜೆಯ ದಿನದ ಮಾತು. ಒಲೆಯ ಮುಂದೆ ನಿಂತೇ ಮಗುವನ್ನು ಕೂಗಿ ಕರೆಯಬಹುದಾದಷ್ಟು ಹತ್ತಿರವಿರುವ ಮರವೊಂದೇ ದಿನನಿತ್ಯಕ್ಕೆ ಒದಗುವಂಥದ್ದು. ಮನೆಯಿಂದ 300 ಮೀಟರಿನೊಳಗೆ ಅರ್ಧ ಹೆಕ್ಟೇರಾದರೂ ಹಸಿರಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಶಾಖೆ ಸೂಚಿಸಿದೆ. ನಡುವೆ ದಾಟಲಾಗದ ಹೆದ್ದಾರಿಯೊಂದು ಬಿದ್ದಿದ್ದರೆ ಆ ಲೆಕ್ಕ ನಕ್ಷೆಯಲ್ಲಷ್ಟೇ ಸರಿಹೋಗುತ್ತದೆ, ಆ ಮಾತು ಬೇರೆ.

ಹಸಿರಿನಿಂದ ಮನಸ್ಸು ಹಗುರಾಗುತ್ತದೆಂಬುದನ್ನು ಕವಿಗಳು ಹೇಳಿದಾಗ ತಲೆದೂಗಿ ಸುಮ್ಮನಾದ ನಾವು, ಈಗ ಜೊಲ್ಲನ್ನು ಪರೀಕ್ಷಿಸಿ ನಂಬುತ್ತಿದ್ದೇವೆ. ಸ್ಕಾಟ್ಲೆಂಡಿನ ಡಂಡೀ ನಗರದ ಬಡ ಬಡಾವಣೆಗಳಲ್ಲಿ, ಕೆಲಸವಿಲ್ಲದೆ ಮನೆಯಲ್ಲಿದ್ದವರ ಜೊಲ್ಲಿನಲ್ಲಿರುವ ಕಾರ್ಟಿಸೋಲನ್ನು, ಅಂದರೆ ಮನಸ್ಸಿನ ಒತ್ತಡದೊಡನೆ ಏರುವ ದೇಹದ ರಸವನ್ನು, ಅಳೆದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಬೆಳಿಗ್ಗೆ ಏರಿ ಸಂಜೆಯ ಹೊತ್ತಿಗೆ ಇಳಿಯಬೇಕಾದ ಈ ರಸ, ಹಸಿರು ಹೆಚ್ಚಿದ್ದ ಕಡೆ ಕ್ರಮವಾಗಿ ಇಳಿಯುತ್ತಿತ್ತು. ಹಸಿರು ಕಡಿಮೆಯಿದ್ದ ಕಡೆ, ಹೊತ್ತು ಮುಳುಗಿದರೂ ಏಳದ ನೆಂಟನಂತೆ ಹಿಂದುಳಿಯುತ್ತಿತ್ತು.

ನನಗೆ ಇದಕ್ಕಿಂತ ಹಿಡಿಸಿದ್ದು ಅಮೆರಿಕದ ಫಿಲಡೆಲ್ಫಿಯಾದ ಸಂಗತಿ. ಸಂಶೋಧಕರು ಅಲ್ಲಿನ 541 ಪಾಳು ನಿವೇಶನಗಳಲ್ಲಿ ಕೆಲವನ್ನು ಹಾಗೆಯೇ ಬಿಟ್ಟು, ಕೆಲವುಗಳ ಕಸವನ್ನು ಮಾತ್ರ ಎತ್ತಿ, ಉಳಿದವುಗಳಲ್ಲಿ ನೆಲ ಸಮಮಾಡಿ ಹುಲ್ಲು ಬೆಳೆಸಿ, ನಾಲ್ಕಾರು ಮರ ನೆಟ್ಟು, ಸುತ್ತ ಗಿಡ್ಡನೆಯ ಮರದ ಬೇಲಿ ಹಾಕಿದರು. ಆ ಬೇಲಿಯ ಜಾಣ್ಮೆ ನೋಡಿ: ಕಸ ಸುರಿಯಲು ಬರುವ ಗಾಡಿಗೆ ಅದು ಅಡ್ಡ, ನಡೆದು ಬರುವವರಿಗೆ ಅಲ್ಲಲ್ಲಿ ದಾರಿ, ನೋಡುವವರಿಗೆ ‘ಈ ಜಾಗಕ್ಕೆ ದಿಕ್ಕಿದೆ’ ಎಂಬ ಸೂಚನೆ. 2018ರಲ್ಲಿ ಫಲಿತಾಂಶ ಪ್ರಕಟವಾದಾಗ, ಹಸಿರಾದ ಜಾಗಗಳ ಸುತ್ತ ಮನಸ್ಸು ಕುಗ್ಗಿದೆ ಎನ್ನುವವರ ಪ್ರಮಾಣ, ಏನೂ ಮಾಡದೆ ಬಿಟ್ಟ ಕಡೆಗಳಿಗೆ ಹೋಲಿಸಿದರೆ, ಶೇ. 41ರಷ್ಟು ತಗ್ಗಿತ್ತು, ಬಡತನದ ರೇಖೆಯ ಕೆಳಗಿನ ನೆರೆಹೊರೆಗಳಲ್ಲಿ ಶೇ. 68ರಷ್ಟು. ಬರಿಯ ಕಸ ಎತ್ತಿದ ಕಡೆ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ.

ಹಸಿರಿಗೊಂದು ಕೆಟ್ಟ ಚಾಳಿಯೂ ಇದೆ: ಅದು ಬಂದ ಬೀದಿಗೆ ಬಾಡಿಗೆಯ ಏರಿಕೆಯನ್ನೂ ಕರೆತರುತ್ತದೆ. ನ್ಯೂಯಾರ್ಕಿನಲ್ಲಿ ಹಳೆಯ ರೈಲುಸೇತುವೆಯ ಮೇಲೆ 2009ರಲ್ಲಿ ತೆರೆದ ಹೈ ಲೈನ್ ತೋಟದ ಅಕ್ಕಪಕ್ಕ ಐಷಾರಾಮಿ ಮಹಡಿಮನೆಗಳು ಸಾಲುಸಾಲಾಗಿ ಎದ್ದವು. ಬಡವರ ಓಣಿಗೆ ಕಾರಂಜಿಗಿಂತ ಗಿಡ್ಡ ಬೇಲಿಯ ಹುಲ್ಲುನೆಲವೇ ಕ್ಷೇಮವೆಂದು ನನಗನ್ನಿಸುವುದು ಇದಕ್ಕಾಗಿಯೇ. ಅಷ್ಟು ಸಾಧಾರಣವಾದುದರ ಮೇಲೆ ಮನೆಮಾಲೀಕನ ಕಣ್ಣು ಬಿದ್ದರೂ ತಡವಾಗಿ ಬೀಳಬಹುದೇನೋ.