ನಾಗರಿಕರು ಬರ್ತಿದ್ದಾರೆ, ಗೇಟು ಹಾಕಿ

ಶನಿವಾರ ಬೆಳಗಾಗುತ್ತಿದ್ದಂತೆ ನಾಗರಿಕತೆ ಆನೆಚೌಕೂರು ದಾಟಿ ಕೊಡಗಿಗೆ ಬರುತ್ತದೆ, ಭಾನುವಾರ ಸಂಜೆ ವಾಪಸ್ಸು ಹೋಗುತ್ತದೆ. ತಂದದ್ದರಲ್ಲಿ ಅರ್ಧವನ್ನು ನಮ್ಮ ಬೇಲಿಯೊಳಗೆ ಬಿಟ್ಟು ಹೋಗುತ್ತದೆ. ನಮ್ಮದು ತಿತಿಮತಿಯಿಂದ ಗೋಣಿಕೊಪ್ಪಕ್ಕೆ ಹೋಗುವ ರಸ್ತೆಯ ಅಂಚಿನ ತೋಟ. ಹಾಗಾಗಿ ಈ ಪ್ರಸಾದದಲ್ಲಿ ನನ್ನ ಪಾಲು ಸ್ವಲ್ಪ ದೊಡ್ಡದು.

ಕಳೆದ ಸೋಮವಾರ ರೋಬಸ್ಟಾ ಗಿಡಗಳ ಬುಡದಲ್ಲಿ ಹೆಕ್ಕಿದ್ದು ಏಳು ಬಿಯರ್ ಬಾಟ್ಲಿ (ಮೂರು ಒಡೆದಿದ್ದವು), ಬಿರಿಯಾನಿಯ ಡಬ್ಬಿಗಳು, ಒಂಟಿ ಚಪ್ಪಲಿ, ಮತ್ತೆ ಒಂದು ಡೈಪರು. ಆ ಡೈಪರಿನ ಬಗ್ಗೆ ಎರಡು ಮಾತು ಹೇಳಲೇಬೇಕು. ನಾಜೂಕಾಗಿ ಮಡಚಿ, ಅಂಟುಪಟ್ಟಿಯನ್ನು ಎರಡೂ ಕಡೆ ಒತ್ತಿ, ಮೇಲೊಂದು ಟಿಶ್ಯೂ ಸುತ್ತಿ, ಆಮೇಲೆ ಎಸೆದಿದ್ದರು. ಕಾಫಿ ಗಿಡದ ಎರಡು ರೆಂಬೆಗಳ ನಡುವೆ ಉಡುಗೊರೆಯ ಪೊಟ್ಟಣದ ಹಾಗೆ ಕೂತಿತ್ತು. ಒಳ್ಳೆ ಮನೆತನದವರು ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ಕಾರಿನ ಒಳಗೆ ಒಂದು ಚೂರೂ ವಾಸನೆ ಉಳಿದಿರಲಿಕ್ಕಿಲ್ಲ.

ಇದರಲ್ಲಿ ಅವರದ್ದು ತಪ್ಪಿಲ್ಲ, ತಪ್ಪು ಭಾಷೆಯದ್ದು. ನಾಗರಿಕ ಅನ್ನುವ ಪದದ ಹೊಟ್ಟೆಯಲ್ಲೇ ನಗರ ಇದೆ. ಇಂಗ್ಲಿಷಿನವರ ಸಿವಿಲೈಸ್ಡ್ ಕೂಡ ಲ್ಯಾಟಿನ್ನಿನ ಸಿವಿಸ್ ಕಡೆಯಿಂದ ಬಂದದ್ದು, ಅಂದರೆ ಪೌರ, ಪಟ್ಟಣದ ಹಕ್ಕುದಾರ. ಸಭ್ಯ ಅಂದರೆ ಸಭೆಯಲ್ಲಿ ಕೂರಲು ಲಾಯಕ್ಕಾದವನು. ಗ್ರಾಮದಲ್ಲಿ ಇದ್ದರೆ? ಗ್ರಾಮ್ಯ. ಕಾಡಿನಲ್ಲಿದ್ದರೆ ಕಾಡುಮನುಷ್ಯ. ಪದಗಳನ್ನು ಹಂಚುವ ದಿವಸ ಪೇಟೆಯವರು ಬೇಗ ಹೋಗಿ ಸಾಲಿನಲ್ಲಿ ನಿಂತಿದ್ದಾರೆ, ನಮ್ಮವರು ಗದ್ದೆಯಲ್ಲಿ ನಾಟಿ ಮುಗಿಸಿ ಹೋಗುವಷ್ಟರಲ್ಲಿ ಉಳಿದದ್ದು ಬೈಗುಳ ಮಾತ್ರ. ಹೀಗಿರುವಾಗ ನಗರದಿಂದ ಬಂದವನು ಮಾಂದಲಪಟ್ಟಿಯ ಗುಡ್ಡದಲ್ಲಿ ಬಾಟ್ಲಿ ಒಡೆದರೂ ನಾಗರಿಕನೇ. ಅದನ್ನು ಹೆಕ್ಕುವವನು ಹೆಕ್ಕುವವನೇ.

ಇದಕ್ಕೊಂದು ಪರಿಹಾರ ಹುಡುಕಲಿಕ್ಕೆ ಇತ್ತೀಚೆಗೆ ಒಂದು ಸಭೆ ನಡೆಯಿತು. ಎಲ್ಲಿ, ಯಾರು ಕರೆದದ್ದು ಎಂಬುದೆಲ್ಲ ಬೇಡ. ಕರೆದವರು ನನಗೆ ಊಟ ಹಾಕಿದ್ದಾರೆ. ವೇದಿಕೆಯ ಹಿಂದೆ ಹನ್ನೆರಡು ಅಡಿಯ ಫ್ಲೆಕ್ಸ್, ಅದರ ಮೇಲೆ ‘ಪ್ಲಾಸ್ಟಿಕ್ ಮುಕ್ತ ಕೊಡಗು’. ಪ್ರತಿ ಕುರ್ಚಿಯ ಎದುರು ಅರ್ಧ ಲೀಟರಿನ ನೀರಿನ ಬಾಟ್ಲಿ. ಹೊರಗೆ ಜೂನ್ ತಿಂಗಳ ಮಳೆ ಧೋ ಎಂದು ಸುರಿಯುತ್ತಿದೆ, ಕಾವೇರಿ ಹುಟ್ಟುವ ಜಿಲ್ಲೆ, ಒಳಗೆ ನಾವು ಬಾಟ್ಲಿಯ ಮುಚ್ಚಳ ತಿರುಗಿಸುತ್ತಾ ಕೂತಿದ್ದೇವೆ.

ಡೈಪರಿನ ವಿಷಯ ಎತ್ತಲು ನಾನು ಕೈ ಎತ್ತಿದ್ದೆ. ನನಗಿಂತ ಮೊದಲು ಎದ್ದ ಸಭ್ಯರೊಬ್ಬರು, ಪ್ರವಾಸಿಗರನ್ನು ತಿದ್ದುವ ಮೊದಲು ನಮ್ಮ ಮನೆ ತಿದ್ದಿಕೊಳ್ಳೋಣ, ಮೇ ತಿಂಗಳಲ್ಲಿ ನಡೆಯುವ ಆ ಕುಂಡೆ ಹಬ್ಬಕ್ಕೆ ಒಂದು ಲಗಾಮು ಹಾಕೋಣ ಅಂದರು. ರಸ್ತೆಯಲ್ಲಿ ಕಾರು ನಿಲ್ಲಿಸಿ ಬೈಯುತ್ತಾರಂತೆ. ಹೊರಗಿನವರ ಎದುರು ಕೊಡಗಿನ ಮಾನ ಹೋಗುತ್ತದಂತೆ. ಚಪ್ಪಾಳೆ ಬಿತ್ತು. ಡೈಪರು ಅಲ್ಲಿಗೆ ಅಜೆಂಡಾದಿಂದ ಬಿದ್ದುಹೋಯಿತು.

ಕುಂಡೆ ಹಬ್ಬ ಗೊತ್ತಿಲ್ಲದವರಿಗೆ ಹೇಳುತ್ತೇನೆ. ದೇವರಪುರದಲ್ಲಿ ಅಯ್ಯಪ್ಪ ಮತ್ತು ಭದ್ರಕಾಳಿಗೆ ನಡೆಯುವ ಹಬ್ಬ ಇದು, ಬೇಡು ಹಬ್ಬ ಅಂತಲೂ ಕರೆಯುತ್ತಾರೆ. ಜೇನುಕುರುಬರು, ಬೆಟ್ಟಕುರುಬರು, ಎರವರು ಕಾಡಿನ ಹಾಡಿಗಳಿಂದ, ತೋಟದ ಆಳುಗಳ ಲೈನ್ ಮನೆಗಳಿಂದ ಹೊರಟು ಬರುತ್ತಾರೆ. ಗಂಡಸರು ಸೀರೆ ಉಡುತ್ತಾರೆ, ನೈಟಿ ಹಾಕುತ್ತಾರೆ, ಮುಖಕ್ಕೆ ಬಣ್ಣ ಬಳಿಯುತ್ತಾರೆ. ಸೋರೆ ಬುರುಡೆಯೋ ಪ್ಲಾಸ್ಟಿಕ್ ಕ್ಯಾನೋ, ಕೈಗೆ ಸಿಕ್ಕಿದ್ದನ್ನು ಬಡಿಯುತ್ತಾ ಅಂಗಡಿ ಅಂಗಡಿಗೆ, ಗಾಡಿ ಗಾಡಿಗೆ ಹೋಗಿ ಕಾಸು ಕೇಳುತ್ತಾರೆ. ಕೊಟ್ಟರೂ ಬೈಗುಳ, ಕೊಡದಿದ್ದರೂ ಬೈಗುಳ. ಎಲ್ಲ ಪದ್ಯದಲ್ಲಿ, ಪಲ್ಲವಿಯಲ್ಲಿ ಕುಂಡೆ. ಮೊದಲ ಬೈಗುಳ ದೇವರಿಗೇ. ಕಥೆ ಹೀಗೆ: ಅಯ್ಯಪ್ಪ ಇವರನ್ನು ಬೇಟೆಗೆ ಅಂತ ಕರೆದುಕೊಂಡು ಹೋದ, ದಾರಿಯಲ್ಲಿ ಭದ್ರಕಾಳಿ ಕಣ್ಣಿಗೆ ಬಿದ್ದಳು, ಇವರನ್ನು ಕಾಡಿನಲ್ಲೇ ಬಿಟ್ಟು ಅವಳ ಹಿಂದೆ ಹೋದ. ಕೈಕೊಟ್ಟ ದೇವರನ್ನು ವರ್ಷಕ್ಕೊಮ್ಮೆ ವಿಚಾರಿಸಿಕೊಳ್ಳುತ್ತಾರೆ. ಕೊನೆಗೆ ದೇವಸ್ಥಾನಕ್ಕೆ ಬಂದು ಕಾಣಿಕೆ ಹಾಕಿ, ಬಾಯಿಗೆ ಬಂದದ್ದು ಅಂದೆವು, ತಪ್ಪಾಯಿತು ಅಂತ ಕೈ ಮುಗಿಯುತ್ತಾರೆ. ಅಲ್ಲಿಗೆ ಲೆಕ್ಕ ಚುಕ್ತಾ.

ನಮ್ಮ ಸಭ್ಯರ ಬೈಗುಳಕ್ಕೆ ಇಂಥ ಕಟ್ಟುಪಾಡು ಯಾವುದಿದೆ? ಡಿಸೆಂಬರ್ ಕೊನೆಯ ವಾರ ಮಡಿಕೇರಿಯ ರಾಜಾಸೀಟಿನ ಹತ್ತಿರ ಪಾರ್ಕಿಂಗಿಗೆ ನಡೆಯುವ ಜಗಳ ಕೇಳಿ. ತಾಯಿ, ತಂಗಿ, ಜಾತಿ, ನಂಬರ್ ಪ್ಲೇಟು, ಯಾರನ್ನೂ ಬಿಡುವುದಿಲ್ಲ. ರಾಗ ಇಲ್ಲ, ತಾಳ ಇಲ್ಲ, ಸಂಜೆಯ ಹೊತ್ತಿಗೆ ತಪ್ಪಾಯಿತು ಅನ್ನುವವನಂತೂ ಇಲ್ಲವೇ ಇಲ್ಲ. ರಾತ್ರಿ ಒಂಬತ್ತರ ಟಿವಿ ಚರ್ಚೆಯೂ ಅಷ್ಟೇ, ಒಂದೇ ವ್ಯತ್ಯಾಸ, ಅಲ್ಲಿ ಗಂಡಸರು ಸೀರೆ ಉಟ್ಟಿರುವುದಿಲ್ಲ.

ಈ ಜಿಲ್ಲೆಯನ್ನು ಸಭ್ಯಗೊಳಿಸುವ ಕೆಲಸ ಇವತ್ತಿನದಲ್ಲ ಬಿಡಿ. 1834ರಲ್ಲಿ ಬ್ರಿಟಿಷರು ಮಡಿಕೇರಿಗೆ ಬಂದು ಚಿಕ್ಕವೀರರಾಜೇಂದ್ರನನ್ನು ಇಳಿಸಿದರು. ರಾಜ ಕ್ರೂರಿ ಅಂದರು, ಅದು ಸುಳ್ಳೂ ಅಲ್ಲ. ಆ ಕ್ರೂರಿ 1852ರಲ್ಲಿ ಮಗಳನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದ. ಗೌರಮ್ಮನಿಗೆ ದೀಕ್ಷಾಸ್ನಾನ ಆಯಿತು, ಖುದ್ದು ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತಳು. ಅಪ್ಪ ಮಾತ್ರ ಕಂಪನಿಯಿಂದ ತನಗೆ ಬರಬೇಕಾದ ದುಡ್ಡಿಗೆ ದಾವೆ ಹಾಕಿ ಅಲೆದು, 1859ರಲ್ಲಿ ಲಂಡನ್ನಿನಲ್ಲೇ ತೀರಿಕೊಂಡ. ಮಗಳಿಗೆ ಸಂಸ್ಕಾರ, ಅಪ್ಪನಿಗೆ ವಾಯಿದೆ. ಅಷ್ಟರಲ್ಲಿ ಇಲ್ಲಿ ಯುರೋಪಿನವರ ಕಾಫಿ ತೋಟಗಳು ಎದ್ದಿದ್ದವು. ಊರನ್ನು ಭಾರತದ ಸ್ಕಾಟ್ಲೆಂಡ್ ಅಂತ ಕರೆದರು, ನಾವು ಇವತ್ತಿಗೂ ಅದನ್ನು ಬೋರ್ಡಿನಲ್ಲಿ ಬರೆದುಕೊಂಡು ಉಬ್ಬುತ್ತೇವೆ. ಸ್ಕಾಟ್ಲೆಂಡಿನಲ್ಲಿ ಯಾರಾದರೂ ತಮ್ಮೂರನ್ನು ಬ್ರಿಟನ್ನಿನ ಕೊಡಗು ಅಂದದ್ದನ್ನು ನಾನು ಕೇಳಿಲ್ಲ.

ಬ್ರಿಟಿಷರನ್ನೇ ಬೈದು ಕೈತೊಳೆಯುವುದೂ ಸರಿಯಲ್ಲ. ಎರವರನ್ನು ಗದ್ದೆಯ ಜೊತೆಗೇ ಕೈ ಬದಲಿಸುತ್ತಿದ್ದ ಕಾಲ ಅವರು ಬರುವ ಮೊದಲೇ ಇತ್ತು. ಗದ್ದೆ ನಮ್ಮದು, ಸಭ್ಯತೆಯೂ ನಮ್ಮದು.

ಕಾಡಿನ ಕಡೆಗೆ ಬಂದರೆ ಲೆಕ್ಕ ಇನ್ನೂ ಸೊಗಸು. ನೀವಿದ್ದರೆ ಕಾಡಿಗೆ ತೊಂದರೆ ಅಂತ ನಾಗರಹೊಳೆಯ ಹಾಡಿಯವರನ್ನು ಹೊರಗೆ ಕಳಿಸುತ್ತಾ ಬಂದರು. ಅದೇ ನಾಗರಹೊಳೆಯ ಒಳಗೆ, ಮೂರ್ಕಲ್ಲಿನಲ್ಲಿ, ದೊಡ್ಡ ಹೋಟೆಲ್ ಕಂಪನಿಯೊಂದಕ್ಕೆ ಜಾಗ ಕೊಟ್ಟರು. ಗುಡಿಸಲಿನ ಒಲೆಯ ಹೊಗೆ ಹುಲಿಗೆ ಅಲರ್ಜಿ, ಹೋಟೆಲಿನ ತಂದೂರಿ ಹೊಗೆ ಹಿತ ಅಂತ ಯಾವ ಹುಲಿ ಅರ್ಜಿ ಬರೆದಿತ್ತೋ. ಆದಿವಾಸಿಗಳು ಹೋರಾಡಿದರು, 1997ರಲ್ಲಿ ಹೈಕೋರ್ಟು ಆ ಹೋಟೆಲನ್ನು ತಡೆಯಿತು. ಆದರೂ ನಾವು ಕಲಿತದ್ದು ಕಡಿಮೆ. 2016ರ ಡಿಸೆಂಬರಿನ ಚಳಿಯಲ್ಲಿ ದಿಡ್ಡಳ್ಳಿಯ ಆದಿವಾಸಿಗಳ ಗುಡಿಸಲುಗಳನ್ನು ಕೆಡವಿದರು. ನೂರಾರು ಕುಟುಂಬ ಬಯಲಿಗೆ ಬಿತ್ತು. ಆಗ ಯಾವ ಸಭೆಯಲ್ಲೂ, ಇದರಿಂದ ಹೊರಗಿನವರ ಎದುರು ಕೊಡಗಿನ ಮಾನ ಹೋಯಿತು ಅಂತ ಯಾರೂ ಎದ್ದು ನಿಂತದ್ದು ನೆನಪಿಲ್ಲ. ಮಾನ ಹೋಗುವುದು ಗಂಡಸು ನೈಟಿ ಹಾಕಿದಾಗ.

ಸಭೆ ಮುಗಿಯುವಾಗ ಎರಡು ಅಭಿಪ್ರಾಯ ಬಂತು. ಹಬ್ಬ ಇರಲಿ, ಬೈಗುಳದ ಜಾಗದಲ್ಲಿ ಸ್ವಚ್ಛತೆಯ ಘೋಷಣೆ ಹಾಡಿಸೋಣ ಅನ್ನುವುದು ಒಂದು. ಅದೆಲ್ಲ ಬೇಡ, ದಿನಾಂಕ ಮುಂಚೆಯೇ ಗೊತ್ತಾದರೆ ಪ್ಯಾಕೇಜ್ ಮಾಡಬಹುದು, ಬೈಸಿಕೊಳ್ಳಲು ಜನ ಬೆಂಗಳೂರಿನಿಂದ ಬರುತ್ತಾರೆ ಅನ್ನುವುದು ಇನ್ನೊಂದು. ಎರಡನೆಯದಕ್ಕೆ ಹೆಚ್ಚು ಚಪ್ಪಾಳೆ. ಆಮೇಲೆ ಊಟ. ನಾವು ಎದ್ದು ಹೋದ ಮೇಲೆ ಕುರ್ಚಿಗಳ ಎದುರು ಅರ್ಧ ಕುಡಿದ ಬಾಟ್ಲಿಗಳು ಸಾಲಾಗಿ ಕೂತಿದ್ದವು, ಸಭೆ ಇನ್ನೂ ನಡೆಯುತ್ತಿದೆ ಅನ್ನುವ ಹಾಗೆ.

ಇಲ್ಲಿವರೆಗೆ ಒಂದು ಸಂಗತಿ ಬೇಕಂತಲೇ ಹೇಳಿರಲಿಲ್ಲ. ನನ್ನದೂ ಎರಡು ಕೋಣೆಯ ಹೋಂಸ್ಟೇ ಇದೆ. ಕಾಫಿಗೆ ರೇಟು ಇಲ್ಲದ ವರ್ಷ ಶುರು ಮಾಡಿದ್ದು. ಶನಿವಾರ ಬರುವ ನಾಗರಿಕತೆಯಲ್ಲಿ ಎರಡು ಕಾರು ನನ್ನ ಗೇಟಿನೊಳಗೇ ಬರುತ್ತವೆ. ಎರಡೂ ಕೋಣೆಗೆ ಅಟ್ಯಾಚ್ಡ್ ಬಾತ್‌ರೂಮು, ಬಿಸಿನೀರು, ಜೆಟ್ ಇರುವ ಕಮೋಡು. ಮನೆಯದ್ದು ಬೇರೆ ಒಂದು. ಇನ್ನೂರು ಹೆಜ್ಜೆ ಕೆಳಗೆ ಹೊಳೆಯ ಬದಿಗೆ ಲೈನ್ ಮನೆ ಇದೆ, ಐದು ಬಾಗಿಲು, ಅಲ್ಲಿ ಕಕ್ಕಸ್ಸು ಕಟ್ಟಿಸುವುದು ಬರುವ ವರ್ಷ. ಬರುವ ವರ್ಷ ಅನ್ನುವುದಕ್ಕೆ ಶುರು ಮಾಡಿ ಎಷ್ಟು ವರ್ಷ ಆಯಿತು ಅಂತ ನನ್ನ ಹೆಂಡತಿ ಲೆಕ್ಕ ಇಟ್ಟಿದ್ದಾಳೆ.

ಈ ಮೇ ತಿಂಗಳಲ್ಲಿ ಕುಂಡೆ ಹಬ್ಬದ ದಿವಸ ಗೋಣಿಕೊಪ್ಪದ ಪೇಟೆಯಲ್ಲಿ ಒಂದು ತಂಡ ನನ್ನ ಜೀಪಿಗೆ ಅಡ್ಡ ನಿಂತಿತು. ಮುಂದಿದ್ದವನು ಹಳದಿ ನೈಟಿ, ತಲೆಗೆ ಗೋಣಿನಾರಿನ ಜಡೆ, ಕುತ್ತಿಗೆಗೆ ನನ್ನದೇ ತೋಟದ ಸ್ಪ್ರೇ ಕ್ಯಾನು. ಬಣ್ಣದ ಒಳಗಿನಿಂದ ಕಣ್ಣು ನೋಡಿದಾಗ ಗುರುತು ಹತ್ತಿತು, ನಮ್ಮ ಲೈನ್ ಮನೆಯ ಹಿರಿಯ. ಮೂವತ್ತು ವರ್ಷದಿಂದ ನನ್ನ ಎದುರು ತಲೆ ಎತ್ತಿ ಮಾತಾಡದ ಮನುಷ್ಯ ಕ್ಯಾನು ಬಡಿದು, ನಡುಪೇಟೆಯಲ್ಲಿ, ಏರುದನಿಯಲ್ಲಿ ಹಾಡಿದ:

‘ಸಾವ್ಕಾರ್ರ ಕುಂಡೆಗೆ ಮೂರು ಕಕ್ಕಸ್ಸು, ನಮ್ಮ ಕುಂಡೆಗೆ ಇಡೀ ತೋಟ ಕಕ್ಕಸ್ಸು.’

ಛಂದಸ್ಸು ಚೆನ್ನಾಗಿಯೇ ಕೂತಿತ್ತು. ಹಿಂದಿನ ಕಾರಿನಲ್ಲಿದ್ದವರು ಕಿಟಕಿ ಇಳಿಸಿ ವಿಡಿಯೊ ಮಾಡಿಕೊಂಡರು. ನಾನು ನೂರು ರೂಪಾಯಿ ಕೊಟ್ಟೆ. ಅದಕ್ಕೂ ಒಂದು ಪದ್ಯ ಬಂತು, ಅದನ್ನು ಇಲ್ಲಿ ಬರೆಯುವುದಿಲ್ಲ.

ಮಾರನೇ ದಿನ ಎಂದಿನ ಹಾಗೆ ಎಂಟು ಗಂಟೆಗೆ ಕತ್ತಿ ಹಿಡಿದು ಬಂದ. ಕಿವಿಯ ಹಿಂದೆ ಇನ್ನೂ ಸ್ವಲ್ಪ ಬಣ್ಣ ಇತ್ತು. ಎಂದಿನ ಹಾಗೆ ನೆಲ ನೋಡುತ್ತಾ ನಿಂತ. ನಿನ್ನೆ ಭಾರೀ ಹಾಡಿದೆಯಲ್ಲ ಮಾರಾಯ ಅಂದೆ.

‘ಹಬ್ಬ ಅಲ್ವಾ ಸಾವ್ಕಾರ್ರೆ. ದೇವರಿಗೆ ಬೈದದ್ದಕ್ಕೆ ಸಂಜೆ ತಪ್ಪು ಕಾಣಿಕೆ ಹಾಕಿ ಆಯ್ತು’ ಅಂದ. ಕತ್ತಿಯ ಬಾಯನ್ನು ಹೆಬ್ಬೆರಳಿನಲ್ಲಿ ಸವರಿ ನೋಡಿದ. ‘ಕಕ್ಕಸ್ಸಿಂದು ಮಾತ್ರ ಹಾಗೇ ಉಂಟು.’